ಅತಿಯಾಗಿ ನೀರು ಕುಡಿಯುವ ಮನೋರೋಗಿ: ಮಂಕು ರೋಗದಿಂದಲೋ, ನೀರಿನಿಂದಲೋ?

ನೀರನ್ನು ಧಾರಾಳವಾಗಿ ಕುಡಿಯಿರಿ ಎಂಬುದು ಆರೋಗ್ಯದ ಪುಟಗಳಲ್ಲಿ ಪದೇ ಪದೇ ಕಾಣುವ ಸಲಹೆ. ಬೆಳಗ್ಗೆ ಎದ್ದ ಕೂಡಲೇ ದೊಡ್ಡ ತಂಬಿಗೆ ನೀರು ಕುಡಿದು, ಅದನ್ನು ಉಷಃಪಾನವೆಂದು ಕರೆದು, ನೆಂಟರಿಷ್ಟರಿಗೂ ಕಲಿಸುವವರು ನಮ್ಮಲ್ಲಿ ಬಹಳ ಮಂದಿ. ಬಿಸಿಲಿನಲ್ಲಿ ದುಡಿಯುವವರಿಗೆ, ಮೂತ್ರಪಿಂಡದಲ್ಲಿ ಕಲ್ಲು ಇರುವವರಿಗೆ ಈ ಸಲಹೆ ಸರಿಯಾದದ್ದೇ. ಆದರೆ ಇದೇ ನೀರು ಅಪಾಯ ತರಬಹುದಾದ ಒಂದು ಗುಂಪಿನ ಜನರಿದ್ದಾರೆ. ಅವರು ಸ್ಕಿಜೋಫ್ರೀನಿಯಾ, ಅಂದರೆ ಚಿತ್ತವಿಕಲತೆ ಎಂಬ ಮನೋರೋಗದಿಂದ ಬಳಲುತ್ತಿರುವವರು. ಅವರಲ್ಲಿ ಕೆಲವರು ದಿನಕ್ಕೆ ಹತ್ತು, ಹದಿನೈದು ಲೀಟರ್ ನೀರು ಕುಡಿಯುತ್ತಾರೆ. ಅದರಿಂದ ಅವರ ಬುದ್ಧಿ ಮಂಕಾಗುತ್ತದೆ. ಕೆಲವೊಮ್ಮೆ ಪ್ರಾಣಕ್ಕೂ ಸಂಚಕಾರ ಬರುತ್ತದೆ. ಮನೆಯವರು ಮಾತ್ರ ಅದನ್ನು ರೋಗದ ಲಕ್ಷಣವೆಂದೇ ತಿಳಿದು ಸುಮ್ಮನಿರುತ್ತಾರೆ.

ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಕಡೆಯ ಒಂದು ರೈತ ಕುಟುಂಬವನ್ನು ಊಹಿಸಿಕೊಳ್ಳಿ. ಮಗನಿಗೆ ಮೂವತ್ತೈದು. ಹತ್ತು ವರ್ಷದಿಂದ ಚಿತ್ತವಿಕಲತೆ ಇದೆ. ತಪ್ಪದೆ ಮಾತ್ರೆ ನುಂಗುತ್ತಾನೆ. ಕಿವಿಯಲ್ಲಿ ಕೇಳಿಸುತ್ತಿದ್ದ ಮಾತುಗಳು, ಅನುಮಾನಗಳು ಎಷ್ಟೋ ಕಡಿಮೆಯಾಗಿವೆ. ಬೆಳಗ್ಗೆ ಹಸುವಿಗೆ ಹುಲ್ಲು ಹಾಕುತ್ತಾನೆ, ಡೇರಿಗೆ ಹಾಲು ಹಾಕಿ ಬಂದು ಎಷ್ಟು ಲೀಟರ್ ಆಯಿತೆಂದು ಸರಿಯಾಗಿ ಹೇಳುತ್ತಾನೆ. ಮಧ್ಯಾಹ್ನ ಕಳೆಯುತ್ತಿದ್ದಂತೆ ಅವನು ಬೇರೆಯೇ ಆಗುತ್ತಾನೆ. ಎರಡು ಮೂರು ಸಲ ಕೂಗಿದ ಮೇಲೆ ಓಗೊಡುತ್ತಾನೆ. ಅಂಗಡಿಗೆ ಕಳಿಸಿದರೆ ಏನು ತರಬೇಕೆಂಬುದು ಮರೆತುಹೋಗಿರುತ್ತದೆ. ಹೆಜ್ಜೆ ತಪ್ಪುತ್ತದೆ, ಕುಡಿದಿದ್ದಾನೆಂದು ಊರಿನವರು ಆಡಿಕೊಳ್ಳುತ್ತಾರೆ. ಸಂಜೆ ಮುದ್ದೆಯ ಮುಂದೆ ಕೂತರೆ ಓಕರಿಕೆ. ರಾತ್ರಿ ಹಾಸಿಗೆ ಒದ್ದೆ. "ರೋಗ ತಿರುಗಿ ಹೆಚ್ಚಾಯಿತು" ಎನ್ನುತ್ತಾರೆ ತಂದೆ. "ಮಾತ್ರೆ ಜಾಸ್ತಿಯಾಗಿದೆ" ಎನ್ನುತ್ತಾರೆ ತಾಯಿ. ಅವನು ದಿನವಿಡೀ ಚೊಂಬು ಹಿಡಿದು ನೀರಿನ ತೊಂಬೆಗೂ ಮನೆಗೂ ಓಡಾಡುವುದನ್ನು ಇಬ್ಬರೂ ನೋಡಿದ್ದಾರೆ. "ಮಾತ್ರೆ ಉಷ್ಣ, ಪಾಪ, ಕುಡೀಲಿ ಬಿಡಿ" ಎಂದು ತಾಯಿಯೇ ಹೇಳಿದ್ದಾರೆ.

ಬೆಳಗ್ಗೆ ಚುರುಕು, ಸಂಜೆಗೆ ಮಂಕು. ಇದೇ ಇಲ್ಲಿನ ಮುಖ್ಯ ಸುಳಿವು.

ಇದೇನೂ ಹೊಸ ಸಂಗತಿಯಲ್ಲ. ಅಮೆರಿಕದ ವೂಸ್ಟರ್ ಎಂಬ ಊರಿನ ಮನೋರೋಗಾಸ್ಪತ್ರೆಯಲ್ಲಿ ಹಾಸ್ಕಿನ್ಸ್ ಮತ್ತು ಸ್ಲೀಪರ್ ಎಂಬ ಸಂಶೋಧಕರು 1933ರಲ್ಲೇ ಇದನ್ನು ಗಮನಿಸಿದ್ದರು. ಚಿತ್ತವಿಕಲತೆಯ ರೋಗಿಗಳು ಆರೋಗ್ಯವಂತರಿಗಿಂತ ಸುಮಾರು ಎರಡರಷ್ಟು ಮೂತ್ರ ವಿಸರ್ಜಿಸುತ್ತಿದ್ದರು. ಮನೋರೋಗಕ್ಕೆ ಇಂದು ಕೊಡುವ ಮಾತ್ರೆಗಳಲ್ಲಿ ಮೊದಲನೆಯದು ಬಳಕೆಗೆ ಬಂದದ್ದು 1952ರಲ್ಲಿ. ಆದ್ದರಿಂದ ಈ ನೀರಿನ ಹಂಬಲಕ್ಕೆ ಮಾತ್ರೆಯೊಂದೇ ಕಾರಣವೆಂದು ದೂರುವುದು ಸರಿಯಲ್ಲ. ದೀರ್ಘಕಾಲದ ಮನೋರೋಗದಿಂದ ಆಸ್ಪತ್ರೆಗಳಲ್ಲಿ ಉಳಿದವರಲ್ಲಿ ನೂರಕ್ಕೆ 6ರಿಂದ 20 ಮಂದಿಗೆ ಈ ತೊಂದರೆ ಇರುವುದನ್ನು ಬೇರೆ ಬೇರೆ ಸಮೀಕ್ಷೆಗಳು ತೋರಿಸಿವೆ. ಅವರಲ್ಲಿ ಹೆಚ್ಚಿನವರದು ಚಿತ್ತವಿಕಲತೆಯೇ. ಹೀಗೆ ಕುಡಿಯುವ ಎಲ್ಲರೂ ಅಪಾಯಕ್ಕೆ ಸಿಕ್ಕುವುದಿಲ್ಲ. ಕುಡಿದ ನೀರು ಹೊರಗೆ ಹೋಗದೆ ಒಳಗೇ ನಿಂತವರಿಗೆ ಅಪಾಯ.

ಸೈಫನ್ ಕೆಲಸ ಮಾಡದಿದ್ದರೆ

ಮಾರ್ಕೋನಹಳ್ಳಿ ಎಂದ ಕೂಡಲೇ ನೆನಪಾಗುವುದು ಶಿಂಷಾ ನದಿಗೆ ಅಡ್ಡಲಾಗಿ ಮೈಸೂರು ಸಂಸ್ಥಾನದ ಕಾಲದಲ್ಲಿ ಕಟ್ಟಿದ ಅಣೆಕಟ್ಟೆ ಮತ್ತು ಅದರ ಸೈಫನ್. ನೀರು ಒಂದು ನಿಗದಿತ ಮಟ್ಟ ಮುಟ್ಟಿತೆಂದರೆ ಯಾರೂ ಬಾಗಿಲು ಎತ್ತಬೇಕಾಗಿಲ್ಲ, ಸೈಫನ್ ತಾನಾಗಿಯೇ ನೀರನ್ನು ಹೊರಕ್ಕೆ ಹರಿಸುತ್ತದೆ. ಮಟ್ಟ ಇಳಿದರೆ ತಾನಾಗಿಯೇ ನಿಲ್ಲುತ್ತದೆ. ನೋಡಲು ಹೋದವರು ಇದನ್ನು ಬೆರಗಿನಿಂದ ನೋಡುತ್ತಾರೆ. ಇಂಥದೇ ಒಂದು ಏರ್ಪಾಡು ನಮ್ಮೆಲ್ಲರ ದೇಹದಲ್ಲೂ ಇದೆ ಎಂಬುದು ಅನೇಕರಿಗೆ ತಿಳಿದಿಲ್ಲ.

ನಮ್ಮ ರಕ್ತದಲ್ಲಿ ಉಪ್ಪಿನ ಅಂಶವಾದ ಸೋಡಿಯಂ ಒಂದು ಹದದಲ್ಲಿರುತ್ತದೆ. ಲೀಟರಿಗೆ 135ರಿಂದ 145 ಮಿಲಿ ಈಕ್ವಿವಲೆಂಟ್ ಇದ್ದರೆ ಸರಿ. ನಾವು ನೀರು ಕುಡಿದಾಗ ರಕ್ತ ತುಸು ತೆಳುವಾಗುತ್ತದೆ. ಮೆದುಳಿನ ತಳಭಾಗದಲ್ಲಿ ಇದನ್ನು ಸದಾ ಅಳೆಯುತ್ತಿರುವ ಜೀವಕೋಶಗಳಿವೆ. ರಕ್ತ ತೆಳುವಾಯಿತೆಂದು ತಿಳಿದೊಡನೆ ಅವು ಎರಡು ಕೆಲಸ ಮಾಡುತ್ತವೆ. ಮೊದಲನೆಯದು, ಬಾಯಾರಿಕೆಯನ್ನು ನಿಲ್ಲಿಸುವುದು. ಎರಡನೆಯದು, ನೀರನ್ನು ಹಿಡಿದಿಡು ಎಂದು ಮೂತ್ರಪಿಂಡಕ್ಕೆ ಹೇಳುವ ಹಾರ್ಮೋನನ್ನು ತಡೆಯುವುದು. ಈ ಹಾರ್ಮೋನು ಪಿಟ್ಯುಟರಿ ಗ್ರಂಥಿಯಿಂದ ಬರುತ್ತದೆ. ಅದು ನಿಂತರೆ ಮೂತ್ರಪಿಂಡ ಸೈಫನ್ನಿನಂತೆ ತೆರೆದುಕೊಂಡು, ಹೆಚ್ಚಿನ ನೀರನ್ನು ತಿಳಿ ಮೂತ್ರವಾಗಿ ಹೊರಗೆ ಹಾಕುತ್ತದೆ.

ಆರೋಗ್ಯವಂತರ ಮೂತ್ರಪಿಂಡ ಹೆಚ್ಚೆಂದರೆ ಗಂಟೆಗೆ ಮುಕ್ಕಾಲರಿಂದ ಒಂದು ಲೀಟರ್ ನೀರನ್ನು ಹೀಗೆ ಸಾಗಿಸಬಲ್ಲದು. ಅದಕ್ಕಿಂತ ವೇಗವಾಗಿ, ಗಂಟೆಗಟ್ಟಲೆ ಕುಡಿದರೆ ಯಾರಿಗಾದರೂ ತೊಂದರೆಯೇ. ಆದರೆ ಚಿತ್ತವಿಕಲತೆಯ ಕೆಲವರಲ್ಲಿ ಇನ್ನೊಂದು ದೋಷವೂ ಸೇರಿಕೊಂಡಿದೆ. ಶಿಕಾಗೋ ನಗರದ ಮನೋವೈದ್ಯ ಮೋರಿಸ್ ಗೋಲ್ಡ್‌ಮನ್ ಮತ್ತು ಸಂಗಡಿಗರು 1988ರಲ್ಲಿ ಇದನ್ನು ಅಳೆದು ತೋರಿಸಿದರು. ಇಂಥವರಲ್ಲಿ ಬಾಯಾರಿಕೆ ನಿಲ್ಲಬೇಕಾದ ಮಟ್ಟ ಕೆಳಗಿಳಿದಿರುತ್ತದೆ. ಹಾರ್ಮೋನು ನಿಲ್ಲಬೇಕಾದ ಮಟ್ಟವೂ ಕೆಳಗಿಳಿದಿರುತ್ತದೆ. ಜೊತೆಗೆ ಆ ಹಾರ್ಮೋನು ಸ್ವಲ್ಪವೇ ಇದ್ದರೂ ಮೂತ್ರಪಿಂಡ ಅದಕ್ಕೆ ಅತಿಯಾಗಿ ಓಗೊಡುತ್ತದೆ. ರಕ್ತ ಆಗಲೇ ತೆಳುವಾಗಿದೆ, ಆದರೂ ಬಾಯಾರಿಕೆ ಇದೆ. ಕೆರೆ ಆಗಲೇ ತುಂಬಿದೆ, ಆದರೂ ಸೈಫನ್ ತೆರೆಯುತ್ತಿಲ್ಲ. ರೋಗ ಉಲ್ಬಣಗೊಂಡಾಗ ಈ ದೋಷವೂ ಹೆಚ್ಚುತ್ತದೆ. ಬೀಡಿ ಸಿಗರೇಟಿನ ನಿಕೋಟಿನ್ ಸಹ ಇದೇ ಹಾರ್ಮೋನನ್ನು ಪ್ರಚೋದಿಸುತ್ತದೆ. ದಿನಕ್ಕೆರಡು ಕಟ್ಟು ಬೀಡಿ ಸೇದುತ್ತಾ ಚೊಂಬುಗಟ್ಟಲೆ ನೀರು ಕುಡಿಯುವವನ ವಿಷಯದಲ್ಲಿ ಇಮ್ಮಡಿ ಎಚ್ಚರ ಬೇಕು.

ಲೆಕ್ಕ ಹಾಕಿ ನೋಡೋಣ. ಐವತ್ತು ಕಿಲೋ ತೂಗುವ ಗಂಡಸಿನ ದೇಹದಲ್ಲಿ ಸುಮಾರು 30 ಲೀಟರ್ ನೀರಿರುತ್ತದೆ. ಕುಡಿದದ್ದರಲ್ಲಿ ಎರಡೂವರೆ ಲೀಟರ್ ಹೊರಹೋಗದೆ ಉಳಿದರೆ, 140 ಇದ್ದ ಸೋಡಿಯಂ 129ರ ಆಸುಪಾಸಿಗೆ ಇಳಿಯುತ್ತದೆ. ಐದು ಲೀಟರ್ ಉಳಿದರೆ 120ಕ್ಕೆ ಬರುತ್ತದೆ. 125ಕ್ಕಿಂತ ಕೆಳಗೆ ಗೊಂದಲ, ವಾಂತಿ, ತಲೆನೋವು ಸಾಮಾನ್ಯ. 120ಕ್ಕಿಂತ ಕೆಳಗೆ, ಅದೂ ಬೇಗ ಇಳಿದರೆ, ಮೂರ್ಛೆ ಬರಬಹುದು, ಪ್ರಜ್ಞೆ ತಪ್ಪಬಹುದು, ಸಾವೂ ಆಗಬಹುದು.

ನೆನೆಹಾಕಿದ ಅವರೆಕಾಳು

ಸೋಡಿಯಂ ಇಳಿದರೆ ಬುದ್ಧಿಗೇಕೆ ಪೆಟ್ಟು? ಹಿದುಕಿದ ಬೇಳೆಗೆಂದು ರಾತ್ರಿ ನೀರಿನಲ್ಲಿ ನೆನೆಹಾಕಿದ ಅವರೆಕಾಳು ಬೆಳಗ್ಗೆ ಹೇಗೆ ಉಬ್ಬಿರುತ್ತದೆ ಎಂಬುದು ಗೃಹಿಣಿಯರಿಗೆ ಗೊತ್ತು. ಹೊರಗಿನ ನೀರು ತೆಳುವಾಗಿದ್ದು ಒಳಗಿನ ಸಾರ ಗಟ್ಟಿಯಾಗಿದ್ದರೆ ನೀರು ಒಳಕ್ಕೆ ನುಗ್ಗುತ್ತದೆ. ರಕ್ತ ತೆಳುವಾದಾಗ ದೇಹದ ಎಲ್ಲ ಜೀವಕೋಶಗಳೂ ಹೀಗೆ ಸ್ವಲ್ಪ ಉಬ್ಬುತ್ತವೆ. ಕೈಕಾಲಿನ ಸ್ನಾಯು ಉಬ್ಬಿದರೆ ಅದಕ್ಕೆ ಜಾಗವಿದೆ. ಮೆದುಳಿಗೆ ಜಾಗವಿಲ್ಲ; ಅದು ಗಟ್ಟಿ ತಲೆಬುರುಡೆಯೊಳಗಿದೆ. ಒತ್ತಡ ಏರಿ ತಲೆನೋವು, ಓಕರಿಕೆ, ತೂಕಡಿಕೆ ಬರುವುದು ಇದರಿಂದಲೇ.

ಮೆದುಳೇನೂ ಸುಮ್ಮನೆ ಕೂರುವುದಿಲ್ಲ. ತನ್ನ ಜೀವಕೋಶಗಳೊಳಗಿನ ಪೊಟ್ಯಾಸಿಯಂ ಮುಂತಾದ ಸಾರವನ್ನು ಹೊರಹಾಕಿ, ಒಂದೆರಡು ದಿನಗಳಲ್ಲಿ ಹೊಂದಿಕೊಳ್ಳುತ್ತದೆ. ಹಾಗಾಗಿಯೇ ತಿಂಗಳುಗಟ್ಟಲೆ ಸೋಡಿಯಂ ಕಡಿಮೆ ಇದ್ದವರು ಎದ್ದು ಓಡಾಡಿಕೊಂಡಿರುತ್ತಾರೆ. ಆದರೆ ಹೀಗೆ ಹೊರಹಾಕಿದ ವಸ್ತುಗಳಲ್ಲಿ ನರಗಳ ನಡುವೆ ಸಂದೇಶ ಒಯ್ಯುವುದಕ್ಕೆ ಬೇಕಾದವೂ ಇವೆ. ಹೊಂದಿಕೊಂಡ ಮೆದುಳು ಬದುಕುತ್ತದೆ, ಚುರುಕಾಗಿರುವುದಿಲ್ಲ.

ಈ ಮಂಕನ್ನು ಅಳೆದವರಿದ್ದಾರೆ. ಬೆಲ್ಜಿಯಂ ದೇಶದ ವೈದ್ಯರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇರೆ ಬೇರೆ ಕಾರಣಗಳಿಂದ ಸೋಡಿಯಂ ಕಡಿಮೆಯಾಗಿದ್ದ 122 ಮಂದಿ ಇದ್ದರು. ಯಾರಿಗೂ ಹೊರನೋಟಕ್ಕೆ ಕಾಣುವ ತೊಂದರೆ ಇರಲಿಲ್ಲ. ಆದರೂ ಅವರಲ್ಲಿ ನೂರಕ್ಕೆ 21 ಮಂದಿ ಬಿದ್ದು ಆಸ್ಪತ್ರೆಗೆ ಬಂದವರು. ಸೋಡಿಯಂ ಸರಿಯಿದ್ದ ಅಂಥದೇ ರೋಗಿಗಳಲ್ಲಿ ಹೀಗೆ ಬಿದ್ದು ಬಂದವರು ನೂರಕ್ಕೆ 5 ಮಾತ್ರ. ಗಮನದ ಪರೀಕ್ಷೆಗಳಲ್ಲಿ ಅವರು ತಡವರಿಸಿದರು. ನಡಿಗೆಯಂತೂ ಮದ್ಯ ಕುಡಿದವರ ನಡಿಗೆಯಂತೆ ಓಲಾಡುತ್ತಿತ್ತು. ಸೋಡಿಯಂ ಸರಿಪಡಿಸಿದ ಮೇಲೆ ನಡಿಗೆ ಸುಧಾರಿಸಿತು. ನಮ್ಮ ಊಹೆಯ ಹುಡುಗನನ್ನು ಕುಡುಕನೆಂದು ಊರಿನವರು ಆಡಿಕೊಂಡದ್ದು ಸುಮ್ಮನೆ ಅಲ್ಲ.

ಚಿತ್ತವಿಕಲತೆಯೇ ಮಂಕು ತರುವುದಿಲ್ಲವೇ?

ತರುತ್ತದೆ. ಇಲ್ಲಿಯೇ ಮನೆಯವರೂ ಕೆಲವೊಮ್ಮೆ ವೈದ್ಯರೂ ದಾರಿ ತಪ್ಪುವುದು. ಚಿತ್ತವಿಕಲತೆ ಎಂದರೆ ಕಿವಿಯಲ್ಲಿ ಮಾತು ಕೇಳಿಸುವುದು, ಯಾರೋ ಮಾಟ ಮಾಡಿಸಿದ್ದಾರೆಂದು ಹೆದರುವುದು ಇಷ್ಟೇ ಎಂದು ನಾವು ತಿಳಿದಿದ್ದೇವೆ. ಆದರೆ ಗಮನ ನಿಲ್ಲದಿರುವುದು, ಹೊಸದು ನೆನಪಿನಲ್ಲಿ ಉಳಿಯದಿರುವುದು, ಒಂದಾದ ಮೇಲೊಂದು ಕೆಲಸವನ್ನು ಜೋಡಿಸಿಕೊಳ್ಳಲಾಗದಿರುವುದು ಈ ರೋಗದ ಒಡಲಲ್ಲೇ ಇವೆ. ಬಹುಪಾಲು ರೋಗಿಗಳಲ್ಲಿ ಇವು ಸ್ವಲ್ಪವಾದರೂ ಇರುತ್ತವೆ. ಎಷ್ಟೋ ಸಲ ಭ್ರಮೆಗಳು ಕಾಣಿಸಿಕೊಳ್ಳುವುದಕ್ಕೆ ಮೊದಲೇ ತಲೆದೋರಿರುತ್ತವೆ. ರೋಗಿ ಮತ್ತೆ ಕೆಲಸಕ್ಕೆ ಹೋಗಬಲ್ಲನೇ, ಸಂಸಾರ ನಡೆಸಬಲ್ಲನೇ ಎಂಬುದನ್ನು ಭ್ರಮೆಗಳಿಗಿಂತ ಹೆಚ್ಚಾಗಿ ನಿರ್ಧರಿಸುವುದು ಈ ಅರಿವಿನ ಶಕ್ತಿಯೇ.

ಆದರೆ ರೋಗದಿಂದ ಬಂದ ಮಂಕು ಹೆಚ್ಚುಕಡಿಮೆ ಒಂದೇ ಸಮನಾಗಿರುತ್ತದೆ. ಬೆಳಗ್ಗೆ ಹಾಲಿನ ಲೆಕ್ಕ ಒಪ್ಪಿಸಿದವನು ಸಂಜೆ ತಂಗಿಯ ಹೆಸರಿಗೆ ತಡವರಿಸಿದರೆ ಅದು ಬರೀ ರೋಗವಲ್ಲ. ರಾತ್ರಿ ಮಲಗಿದಾಗ ನೀರು ಕುಡಿಯುವುದು ನಿಲ್ಲುತ್ತದೆ. ಮೂತ್ರಪಿಂಡ ಬೆಳಗಿನವರೆಗೆ ಹೆಚ್ಚಿನ ನೀರನ್ನು ಹೊರಹಾಕಿ ಹದಕ್ಕೆ ತರುತ್ತದೆ. ಮತ್ತೆ ಹಗಲೆಲ್ಲ ಕುಡಿತ, ಸಂಜೆಗೆ ಇಳಿತ. ಇನ್ನೊಂದು ತೊಡಕೂ ಇದರಿಂದಲೇ ಆಗುತ್ತದೆ. ನಸುಕಿನ ಬಸ್ಸು ಹಿಡಿದು ತುಮಕೂರಿಗೋ ಬೆಂಗಳೂರಿಗೋ ಹೋಗಿ, ಬೆಳಗ್ಗೆ ರಕ್ತ ಕೊಟ್ಟರೆ ಸೋಡಿಯಂ ಸರಿಯಾಗಿಯೇ ಇದೆ ಎಂದು ವರದಿ ಬರುತ್ತದೆ. ಮನೆಯವರ ಮಾತು ಸುಳ್ಳೆಂಬಂತೆ ಆಗುತ್ತದೆ. ಇಂಥ ಅನುಮಾನವಿದ್ದಾಗ ರಕ್ತಪರೀಕ್ಷೆಯನ್ನು ಸಂಜೆ ನಾಲ್ಕರ ಸುಮಾರಿಗೆ ಮಾಡಿಸುವುದು ಒಳ್ಳೆಯದು.

ವರ್ಷಗಟ್ಟಲೆ ಹೀಗೆ ಏರಿಳಿತವಾದರೆ ಮೆದುಳಿಗೆ ಶಾಶ್ವತ ಹಾನಿಯಾಗುತ್ತದೆಯೇ? ಗೋಲ್ಡ್‌ಮನ್ ಅವರ ತಂಡವೇ ಇದನ್ನೂ ಹುಡುಕಿಕೊಂಡು ಹೊರಟಿತು. ಅತಿ ನೀರು ಕುಡಿದು ಸೋಡಿಯಂ ಇಳಿಸಿಕೊಳ್ಳುವ ರೋಗಿಗಳಲ್ಲಿ, ನೆನಪಿಗೆ ಆಧಾರವಾದ ಹಿಪೋಕ್ಯಾಂಪಸ್ ಎಂಬ ಭಾಗದ ಮುಂತುದಿ ಉಳಿದ ರೋಗಿಗಳಿಗಿಂತ ಚಿಕ್ಕದಾಗಿರುವುದು ಕಂಡುಬಂತು. ಈ ಭಾಗಕ್ಕೆ ನೆನಪಿನ ಕೆಲಸವಷ್ಟೇ ಅಲ್ಲದೆ, ಒತ್ತಡದ ಸಮಯದಲ್ಲಿ ಹಾರ್ಮೋನುಗಳನ್ನು ಹತೋಟಿಯಲ್ಲಿಡುವ ಕೆಲಸವೂ ಇದೆ. ನೀರಿನಿಂದ ಆ ಭಾಗ ಕುಗ್ಗಿತೋ, ಆ ಭಾಗ ಮೊದಲೇ ಕುಗ್ಗಿದ್ದರಿಂದ ನೀರಿನ ಹತೋಟಿ ತಪ್ಪಿತೋ? ಎರಡನೆಯದರ ಕಡೆಗೆ ಗೋಲ್ಡ್‌ಮನ್ ಅವರ ಒಲವು. ಒಂದೇ ದೋಷದಿಂದ ನೆನಪೂ ಕೆಡುತ್ತದೆ, ಬಾಯಾರಿಕೆಯೂ ಕೆಡುತ್ತದೆ ಎಂಬುದು ಅವರ ವಾದ. ಮನೆಯವರಿಗೆ ಬೇಕಾದದ್ದು ಇದರಲ್ಲಿ ಒಂದು ಮಾತು. ಮಂಕಿನಲ್ಲಿ ಎರಡು ಪಾಲಿದೆ. ರೋಗದ ಪಾಲು ನಿಧಾನವಾಗಿ, ಅಷ್ಟಿಷ್ಟು ಮಾತ್ರ ಸುಧಾರಿಸುತ್ತದೆ. ನೀರಿನ ಪಾಲನ್ನು ಕೆಲವೇ ದಿನಗಳಲ್ಲಿ ತೆಗೆದುಹಾಕಬಹುದು.

ಏಕೆ ಕುಡಿಯುತ್ತಾರೆ?

ಕೇಳಿದರೆ ಕೆಲವರು ಕಾರಣ ಹೇಳುತ್ತಾರೆ. ಊಟಕ್ಕೆ ವಿಷ ಬೆರೆಸಿದ್ದಾರೆ, ಅದನ್ನು ತೊಳೆಯಬೇಕು. ಒಳಗಿನ ಪಾಪ ಹೋಗಬೇಕು. ಕುಡಿ ಎಂದು ಧ್ವನಿ ಹೇಳುತ್ತದೆ. ಇನ್ನು ಕೆಲವರು ಕುಡಿದರೆ ಮನಸ್ಸಿಗೆ ಹಾಯೆನಿಸುತ್ತದೆ ಎನ್ನುತ್ತಾರೆ. ಬಹಳ ಮಂದಿ ಏನೂ ಹೇಳುವುದಿಲ್ಲ, ಸುಮ್ಮನೆ ಕುಡಿಯುತ್ತಾರೆ. ಬೆಳಗಿನಿಂದ ಬೈಗಿನವರೆಗೆ ಮಾಡಲು ಏನೂ ಇಲ್ಲದಿದ್ದರೆ ನೀರು ಕುಡಿಯುವುದೇ ಒಂದು ಕೆಲಸವಾಗಿಬಿಡುತ್ತದೆ.

ಬಾಯಿ ಒಣಗುವುದು ಇನ್ನೊಂದು ಕಾರಣ. ಮನೋರೋಗದ ಮಾತ್ರೆಗಳಿಂದ ಕೈನಡುಕ, ಸ್ನಾಯುಬಿಗಿತ ಬರದಿರಲೆಂದು ಟ್ರೈಹೆಕ್ಸಿಫೆನಿಡಿಲ್ ಎಂಬ ಪುಟ್ಟ ಮಾತ್ರೆಯನ್ನು ಜೊತೆಗೆ ಕೊಡುವುದುಂಟು. ಇದು ಬಾಯನ್ನು ಒಣಗಿಸುತ್ತದೆ. ಅಷ್ಟೇ ಅಲ್ಲ, ನೆನಪಿನ ಶಕ್ತಿಯನ್ನೂ ತಾನಾಗಿಯೇ ಸ್ವಲ್ಪ ಕುಂದಿಸುತ್ತದೆ. ವರ್ಷಗಳ ಹಿಂದೆ ಬರೆದುಕೊಟ್ಟ ಈ ಮಾತ್ರೆ ಚೀಟಿಯಿಂದ ಚೀಟಿಗೆ ಹಾಗೆಯೇ ದಾಟಿಕೊಂಡು ಬಂದಿರುವುದನ್ನು ಎಷ್ಟೋ ಕಡೆ ಕಾಣಬಹುದು. ಇದು ಇನ್ನೂ ಬೇಕೇ ಎಂದು ವೈದ್ಯರನ್ನು ಕೇಳುವುದರಲ್ಲಿ ತಪ್ಪಿಲ್ಲ. ನೀವಾಗಿ ನಿಲ್ಲಿಸಬೇಡಿ.

ಎಲ್ಲಕ್ಕಿಂತ ಮೊದಲು ಸಕ್ಕರೆ ಕಾಯಿಲೆ ಇದೆಯೇ ಎಂದು ನೋಡಬೇಕು. ಒಲಾಂಜಪೀನ್, ಕ್ಲೋಜಪೀನ್‌ನಂಥ ಮಾತ್ರೆಗಳು ತೂಕವನ್ನೂ ರಕ್ತದ ಸಕ್ಕರೆಯನ್ನೂ ಏರಿಸಬಲ್ಲವು. ಸಕ್ಕರೆ ಏರಿದರೂ ಬಾಯಾರಿಕೆ, ಪದೇ ಪದೇ ಮೂತ್ರ ಇದ್ದೇ ಇರುತ್ತವೆ. ಅಂಥವರಿಗೆ ನೀರು ತಡೆಯುವುದು ಇನ್ನೊಂದು ಅನಾಹುತ. ಮೂತ್ರ ಹೊಯ್ದ ಕಡೆ ಇರುವೆ ಮುತ್ತುತ್ತವೆಯೇ ಎಂದು ನೋಡುತ್ತಿದ್ದ ಕಾಲ ಹೋಯಿತು. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬೆರಳಿನ ಒಂದು ಹನಿ ರಕ್ತದಿಂದ ಸಕ್ಕರೆ ತಿಳಿಯುತ್ತದೆ. ಲಿಥಿಯಂ ಮಾತ್ರೆ ಸೇವಿಸುವವರಿಗೂ ಬಾಯಾರಿಕೆ ಹೆಚ್ಚು. ಅವರೂ ವೈದ್ಯರನ್ನು ಕೇಳದೆ ನೀರು ಕಡಿಮೆ ಮಾಡಬಾರದು. ಇನ್ನು ಫಿಟ್ಸ್‌ಗೆ ಮತ್ತು ಮನಸ್ಸಿನ ಏರುಪೇರಿಗೆ ಕೊಡುವ ಕಾರ್ಬಮೆಜಪೀನ್, ರಕ್ತದೊತ್ತಡಕ್ಕೆ ಕೊಡುವ ಕೆಲವು ಮೂತ್ರವರ್ಧಕ ಮಾತ್ರೆಗಳು ಸೋಡಿಯಂ ಇಳಿಸುವ ಗುಣ ಉಳ್ಳವು. ಯಾವ ಯಾವ ಮಾತ್ರೆ ನುಂಗುತ್ತಿದ್ದಾರೆ ಎಂಬುದನ್ನೆಲ್ಲ ಒಬ್ಬರೇ ವೈದ್ಯರಿಗೆ ತೋರಿಸಿ.

ತೂಕದ ಯಂತ್ರ ಹೇಳುವ ಸತ್ಯ

ಎಷ್ಟು ಚೊಂಬು ಕುಡಿದ ಎಂದು ಎಣಿಸುತ್ತಾ ಕೂರಲು ಯಾರಿಂದಲೂ ಆಗುವುದಿಲ್ಲ. ತಡೆದರೆ ಕದ್ದು ಕುಡಿಯುತ್ತಾರೆ; ಬಚ್ಚಲ ನೀರು, ದನದ ಬಾನಿಯ ನೀರನ್ನೂ ಬಿಡದವರಿದ್ದಾರೆ. ಇದಕ್ಕೆ ಆಸ್ಪತ್ರೆಗಳಲ್ಲಿ ಬಳಸುವ ಸುಲಭ ಉಪಾಯವೆಂದರೆ ತೂಕ. ಒಂದು ಲೀಟರ್ ನೀರು ಒಂದು ಕಿಲೋ. ಒಳಗೆ ನಿಂತ ನೀರನ್ನು ತೂಕ ಬಚ್ಚಿಡಲಾರದು.

ಬೆಳಗ್ಗೆ ಎದ್ದು ಮೂತ್ರಕ್ಕೆ ಹೋಗಿ ಬಂದ ಮೇಲೆ, ಏನೂ ತಿನ್ನುವ ಮುಂಚೆ ಒಮ್ಮೆ ತೂಕ ನೋಡಿ. ಸಂಜೆ ನಾಲ್ಕಕ್ಕೆ, ಅದೇ ಬಟ್ಟೆಯಲ್ಲಿ, ಅದೇ ಯಂತ್ರದಲ್ಲಿ ಮತ್ತೊಮ್ಮೆ ನೋಡಿ. ಆರೋಗ್ಯವಂತರಲ್ಲೂ ಸಂಜೆಗೆ ಅರ್ಧ ಕಿಲೋದಷ್ಟು ಹೆಚ್ಚುವುದು ಸಹಜ. ಬೆಳಗಿನ ತೂಕಕ್ಕಿಂತ ನೂರಕ್ಕೆ 3ರಷ್ಟು ಹೆಚ್ಚಾಗಿದ್ದರೆ, ಅಂದರೆ ಐವತ್ತು ಕಿಲೋದವರಲ್ಲಿ ಒಂದೂವರೆ ಕಿಲೋ ಏರಿದ್ದರೆ, ಅಂದು ನೀರು ಸಾಕು ಎಂದು ಅರ್ಥ. ನೂರಕ್ಕೆ 5ರಷ್ಟು, ಅಂದರೆ ಎರಡೂವರೆ ಕಿಲೋ ಏರಿದ್ದರೆ ಅಂದೇ ವೈದ್ಯರಿಗೆ ತೋರಿಸಬೇಕು. ಒಂದು ಹಳೆಯ ನೋಟುಪುಸ್ತಕದಲ್ಲಿ ದಿನಾಂಕ, ಎರಡು ತೂಕ, ಆ ಸಂಜೆ ಹೇಗಿದ್ದ ಎಂಬ ಒಂದು ಸಾಲು ಬರೆದಿಡಿ. ಹದಿನೈದು ದಿನದ ಈ ಪುಟ, ನೀವು ಅರ್ಧ ಗಂಟೆ ವಿವರಿಸಿದ್ದಕ್ಕಿಂತ ಹೆಚ್ಚನ್ನು ವೈದ್ಯರಿಗೆ ಹೇಳುತ್ತದೆ. ಮನೆಯಲ್ಲಿ ಯಂತ್ರವಿಲ್ಲದಿದ್ದರೆ ಆಶಾ ಕಾರ್ಯಕರ್ತೆಯನ್ನೋ ಆರೋಗ್ಯ ಕೇಂದ್ರವನ್ನೋ ಕೇಳಿ. ದಿನವೂ ಆಗದಿದ್ದರೂ ವಾರಕ್ಕೆರಡು ದಿನ ನೋಡಿದರೆ ಚಿತ್ರ ಸಿಗುತ್ತದೆ.

ತೊಂಬೆಗೆ ಬೀಗ ಹಾಕುವುದು, ರೋಗಿಯನ್ನು ಕೋಣೆಯಲ್ಲಿ ಕೂಡುವುದು, ಹೊಡೆಯುವುದು ಬೇಡ. ಇದು ಹಟವಲ್ಲ, ಚಟವೂ ಅಲ್ಲ. ದೊಡ್ಡ ಚೊಂಬಿನ ಬದಲು ಸಣ್ಣ ಲೋಟ ಕೊಡಿ. ಬಾಯಿ ಒಣಗಿದರೆ ಮುಕ್ಕಳಿಸಿ ಉಗಿಯಲು ಹೇಳಿ. ಒಂದು ಏಲಕ್ಕಿ, ಲವಂಗ, ನೆಲ್ಲಿಕಾಯಿಯ ಚೂರು ಬಾಯಲ್ಲಿಟ್ಟುಕೊಂಡರೆ ಜೊಲ್ಲು ಊರುತ್ತದೆ. ಮಜ್ಜಿಗೆ, ಕಾಫಿ, ಅಂಬಲಿ, ಎಳನೀರು ಎಲ್ಲವೂ ಲೆಕ್ಕಕ್ಕೆ ಸೇರಬೇಕು. ನೀರು ಬಿಡಿಸಿ ಲೋಟಗಟ್ಟಲೆ ಮಜ್ಜಿಗೆ ಕೊಟ್ಟರೆ ಏನು ಬಂತು? ದಿನಕ್ಕೆ ಒಟ್ಟು ಎಷ್ಟು ಎಂಬುದನ್ನು ತೂಕ, ಬಿಸಿಲು, ಕೆಲಸ ನೋಡಿ ವೈದ್ಯರು ಹೇಳುತ್ತಾರೆ. ಸಂಜೆಯ ತೂಕ ಹದದಲ್ಲಿದ್ದ ದಿನ ಶಹಬ್ಬಾಸ್ ಎನ್ನಿ, ಇಷ್ಟವಾದದ್ದೇನಾದರೂ ಕೊಡಿ. ಮುಖ್ಯವಾಗಿ ಮಧ್ಯಾಹ್ನದ ಹೊತ್ತಿಗೆ ಕೈಗೆ ಏನಾದರೂ ಕೆಲಸವಿರಲಿ. ತೆಂಗಿನಗರಿ ಸೀಳುವುದು, ಹುಣಸೆಹಣ್ಣು ಬಿಡಿಸುವುದು, ಯಾವುದಾದರೂ ಸರಿ. ಉಪ್ಪು ಹೆಚ್ಚು ತಿನ್ನಿಸಿ ಸರಿಮಾಡುತ್ತೇವೆಂದು ಹೊರಡಬೇಡಿ. ಉಪ್ಪು ಬಾಯಾರಿಕೆಯನ್ನೇ ಹೆಚ್ಚಿಸುತ್ತದೆ.

ಗ್ಲೂಕೋಸ್ ಬಾಟಲಿ ಬೇಡ

ತೂಕಡಿಕೆ, ವಾಂತಿ, ಮಾತಿನಲ್ಲಿ ತೊದಲು, ಯಾರೆಂದು ಗುರುತು ಸಿಗದಿರುವುದು, ಮೂರ್ಛೆ, ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಮೂರ್ಛೆ ಬಂದಾಗ ಒಂದು ಮಗ್ಗುಲಿಗೆ ಮಲಗಿಸಿ, ಸುತ್ತಲಿನ ವಸ್ತುಗಳನ್ನು ಸರಿಸಿ. ಕೈಗೆ ಕಬ್ಬಿಣದ ಬೀಗದಕೈ ಕೊಡುವುದರಿಂದ, ಈರುಳ್ಳಿ ಮೂಸಿಸುವುದರಿಂದ ಏನೂ ಆಗದು. ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಹಾಕುವುದಂತೂ ನಮ್ಮಲ್ಲಿ ವಾಡಿಕೆ. ಯಾರಿಗೇ ಆಗಲಿ ಅದು ಅಪಾಯ. ನೀರಿನಿಂದಲೇ ಬಿದ್ದವನಿಗೆ ಇನ್ನೂ ಅಪಾಯ.

ಸುಸ್ತು ಎಂದರೆ ಒಂದು ಬಾಟಲಿ ಗ್ಲೂಕೋಸ್ ಹಾಕಿಸಿಕೊಂಡು ಬರುವುದು ಹಳ್ಳಿಗಳಲ್ಲಿ ರೂಢಿಯಾಗಿದೆ. ಗ್ಲೂಕೋಸ್ ಬಾಟಲಿಯಲ್ಲಿ ಉಪ್ಪಿಲ್ಲ. ಅದರ ಸಕ್ಕರೆಯನ್ನು ದೇಹ ಬಳಸಿಕೊಂಡ ಮೇಲೆ ಉಳಿಯುವುದು ಬರೀ ನೀರು. ಅತಿ ನೀರಿನಿಂದ ಮಂಕಾದವನಿಗೆ ಇದನ್ನು ಹಾಕಿದರೆ ಬೆಂಕಿಗೆ ತುಪ್ಪ ಸುರಿದಂತೆ. ಆದ್ದರಿಂದ ತುರ್ತು ಚಿಕಿತ್ಸೆಯ ಕೋಣೆಗೆ ಹೋದೊಡನೆ, ಕೇಳಲಿ ಬಿಡಲಿ, ಎರಡು ಮಾತು ಹೇಳಿಬಿಡಿ: ಇವನಿಗೆ ಚಿತ್ತವಿಕಲತೆ ಇದೆ, ಇವನು ತುಂಬಾ ನೀರು ಕುಡಿಯುತ್ತಾನೆ. ಸೋಡಿಯಂ ಪರೀಕ್ಷೆಗೆ ಬೇಕಾದದ್ದು ಸ್ವಲ್ಪ ರಕ್ತ.

ಸೋಡಿಯಂ ಕಡಿಮೆ ಎಂದು ಗೊತ್ತಾದ ಮೇಲೂ ಅವಸರ ಕೂಡದು. ಬಹಳ ದಿನಗಳಿಂದ ಹೊಂದಿಕೊಂಡ ಮೆದುಳಿನಲ್ಲಿ ಸೋಡಿಯಂ ಒಮ್ಮೆಗೇ ಏರಿದರೆ ನರಗಳ ಹೊದಿಕೆ ಹಾಳಾಗಿ, ಮಾತು ಹೋಗಬಹುದು, ಕೈಕಾಲು ಸ್ವಾಧೀನ ತಪ್ಪಬಹುದು. 24 ಗಂಟೆಯಲ್ಲಿ 8ರಿಂದ 10ಕ್ಕಿಂತ ಹೆಚ್ಚು ಏರದಂತೆ ವೈದ್ಯರು ನೋಡಿಕೊಳ್ಳುತ್ತಾರೆ. ನಾಲ್ಕಾರು ಗಂಟೆಗೊಮ್ಮೆ ರಕ್ತ ತೆಗೆಯುತ್ತಾರೆಂದು ಸಿಡಿಮಿಡಿಗೊಳ್ಳುವ ಬಂಧುಗಳು ಇದನ್ನು ತಿಳಿದಿರಬೇಕು. ಹೆಚ್ಚಿನವರಲ್ಲಿ ಕುಡಿಯುವುದನ್ನು ತಡೆದರೆ ಸಾಕು, ಮೂತ್ರಪಿಂಡ ತಾನೇ ಉಳಿದ ಕೆಲಸ ಮಾಡುತ್ತದೆ.

ಮನೋರೋಗದ ಮಾತ್ರೆಯನ್ನು ಮಾತ್ರ ನಿಲ್ಲಿಸಬಾರದು. ನಿಲ್ಲಿಸಿದರೆ ರೋಗ ಉಲ್ಬಣವಾಗುತ್ತದೆ, ನೀರಿನ ಹತೋಟಿ ಇನ್ನಷ್ಟು ತಪ್ಪುತ್ತದೆ. ಬೇಕಾದರೆ ವೈದ್ಯರು ಮಾತ್ರೆ ಬದಲಿಸುತ್ತಾರೆ. ಬೇರೆ ಮಾತ್ರೆಗಳಿಗೆ ಜಗ್ಗದ ಅತಿ ನೀರಿನ ಚಪಲ ಕ್ಲೋಜಪೀನ್‌ನಿಂದ ತಗ್ಗಿದ ಉದಾಹರಣೆಗಳು ಸಾಕಷ್ಟಿವೆ. ಅದು ಬಿಳಿ ರಕ್ತಕಣಗಳನ್ನು ಕಡಿಮೆ ಮಾಡಬಹುದಾದ್ದರಿಂದ, ಆರಂಭದ ತಿಂಗಳುಗಳಲ್ಲಿ ವಾರವಾರವೂ ರಕ್ತಪರೀಕ್ಷೆ ಬೇಕು.

ಇದಕ್ಕೆಲ್ಲ ಪ್ರತಿಸಲವೂ ಬೆಂಗಳೂರಿನ ನಿಮ್ಹಾನ್ಸ್‌ಗೇ ಓಡಬೇಕಾಗಿಲ್ಲ. ಅದೇ ನಿಮ್ಹಾನ್ಸ್‌ನ ವೈದ್ಯರು 2005ರಿಂದ ತೀರ್ಥಹಳ್ಳಿಯಲ್ಲಿ, ಆಮೇಲೆ ಕುಣಿಗಲ್‌ಗೆ ನೆರೆಯ ತುರುವೇಕೆರೆ ತಾಲ್ಲೂಕಿನಲ್ಲಿ, ಚಿತ್ತವಿಕಲತೆಯ ರೋಗಿಗಳಿಗೆ ಅವರ ಊರಿನ ಹತ್ತಿರವೇ ಚಿಕಿತ್ಸೆ ಕೊಟ್ಟು, ವರ್ಷಗಳ ಕಾಲ ಅನುಸರಿಸಿ ನೋಡಿದ್ದಾರೆ. ಕರ್ನಾಟಕದಲ್ಲಿ 2014ರಲ್ಲಿ ಶುರುವಾದ ಮನೋಚೈತನ್ಯ ಕಾರ್ಯಕ್ರಮದಂತೆ, ಗೊತ್ತುಪಡಿಸಿದ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಏರ್ಪಾಡಿದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ, ತೂಕದ ಪುಸ್ತಕ ಮತ್ತು ಎಲ್ಲ ಮಾತ್ರೆಗಳ ಖಾಲಿ ಪಟ್ಟಿಗಳೊಂದಿಗೆ ಹೋಗಿ. ಹೋಗುವ ಮುಂಚೆ ಏನಾದರೂ ಕೇಳಬೇಕಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು; ಕನ್ನಡದಲ್ಲೇ ಮಾತನಾಡುತ್ತಾರೆ, ಶುಲ್ಕವಿಲ್ಲ.